ಹೊಟ್ಟೆಗೆ ಚೀಲ ಬರುವ ಮುನ್ನ ಕೈಚೀಲದಲ್ಲಿ ಏನಿರಬೇಕು?

ನಮ್ಮ ಊರಿನ ನಿವೃತ್ತ ಬಸ್ ಕಂಡಕ್ಟರೊಬ್ಬರು ಒಂದು ಸೋಮವಾರ ಬೆಳಿಗ್ಗೆ, ನಾನು ಚಿಕಿತ್ಸಾಲಯದ ಬಾಗಿಲು ತೆಗೆಯುವ ಮೊದಲೇ ಬಂದು ಜಗಲಿಯ ಮೇಲೆ ಕುಳಿತಿದ್ದರು. ಸೊಂಟಕ್ಕೆ ಹಳೆಯ ಪಂಚೆಯೊಂದನ್ನು ನಾಲ್ಕು ಸುತ್ತು ಬಿಗಿದಿದ್ದರು. ಬಿಚ್ಚಿ ನೋಡಿದರೆ ಒಳಗೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರ ಸುತ್ತ ಬ್ಯಾಂಡೇಜು ಪಟ್ಟಿ. ಹನ್ನೊಂದು ದಿನಗಳ ಹಿಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರಿಗೆ ಗುದನಾಳದ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆ ನಡೆದಿತ್ತು. ಕರುಳಿನ ಜೋಡಣೆ ಚೆನ್ನಾಗಿ ಕೂಡಿಕೊಳ್ಳಲಿ ಎಂದು ಸಣ್ಣ ಕರುಳಿನ ಒಂದು ಭಾಗವನ್ನು ತಾತ್ಕಾಲಿಕವಾಗಿ ಹೊಟ್ಟೆಯ ಹೊರಕ್ಕೆ ತಂದು ಅದರ ಮೇಲೆ ಚೀಲ ಅಂಟಿಸಿದ್ದರು. ಶನಿವಾರ ಸಂಜೆ ಮನೆಗೆ ಬಂದಿದ್ದಾರೆ. ಭಾನುವಾರ ಬೆಳಿಗ್ಗೆ ಚೀಲ ಕಿತ್ತುಬಂದಿದೆ. ಮನೆಯಲ್ಲಿ ಮತ್ತೊಂದು ಚೀಲ ಇರಲಿಲ್ಲ. ತೆರೆದಿದ್ದ ಒಂದೆರಡು ಔಷಧಿ ಅಂಗಡಿಗಳಲ್ಲಿ ಅಂಥದ್ದೊಂದು ವಸ್ತುವಿನ ಹೆಸರೇ ಗೊತ್ತಿರಲಿಲ್ಲ.

ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅವರ ಹೊಟ್ಟೆಯ ಚರ್ಮ ಬಿಸಿ ಎಣ್ಣೆ ಬಿದ್ದಂತೆ ಕೆಂಪಗೆ ಸುಲಿದುಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ನನಗೆ ಆತಂಕ ತಂದದ್ದು ಅವರ ಒಣಗಿದ ನಾಲಿಗೆ ಮತ್ತು ಕ್ಷೀಣವಾಗಿ ಓಡುತ್ತಿದ್ದ ನಾಡಿ. 'ನೀರು ಕುಡಿದರೆ ಅದು ಜಾಸ್ತಿ ಸುರಿಯುತ್ತದೆ ಡಾಕ್ಟ್ರೇ, ಅದಕ್ಕೇ ನಿನ್ನೆಯಿಂದ ಬಾಯಿ ಕಟ್ಟಿದ್ದೇನೆ' ಎಂದರು. ಸಾಲದ್ದಕ್ಕೆ, ಹಿಂದಿನ ವರ್ಷ ರಕ್ತದ ಒತ್ತಡಕ್ಕೆಂದು ನಾನೇ ಬರೆದುಕೊಟ್ಟಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದರು. ಕೂಡಲೇ ಡ್ರಿಪ್ ಹಾಕಿಸಲು ಆಸ್ಪತ್ರೆಗೆ ಕಳಿಸಬೇಕಾಯಿತು. ಇನ್ನೊಂದು ದಿನ ತಡವಾಗಿದ್ದರೆ ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತಿತ್ತು.

ಅವರ ಶ್ರೀಮತಿಯವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. 'ಆಸ್ಪತ್ರೆಗೆ ಹೋಗುವಾಗ ಮೂರು ಬ್ಯಾಗು ತುಂಬಿಸಿಕೊಂಡು ಹೋಗಿದ್ವಿ ಸಾರ್. ಫ್ಲಾಸ್ಕು, ಚಾಪೆ, ರಗ್ಗು, ಉಪ್ಪಿನಕಾಯಿ, ಎಲ್ಲಾ ಇತ್ತು. ಬೇಕಾದ್ದು ಯಾವುದು ಅಂತ ಯಾರೂ ಹೇಳಲಿಲ್ಲ.' ಹೇಳದೆ ಇದ್ದವರಲ್ಲಿ ನಾನೂ ಒಬ್ಬ. ಶಸ್ತ್ರಚಿಕಿತ್ಸೆಗೆ ಮುನ್ನ ಅವರು ನನ್ನ ಬಳಿಗೂ ಬಂದಿದ್ದರು. ಬಿ.ಪಿ. ನೋಡಿದೆ, ಇ.ಸಿ.ಜಿ. ನೋಡಿದೆ, ಧೈರ್ಯ ಹೇಳಿ ಕಳಿಸಿದೆ. ಏನು ಕೊಂಡೊಯ್ಯಬೇಕು, ಬರುವಾಗ ಏನು ತರಬೇಕು ಎಂಬ ಮಾತನ್ನೇ ಎತ್ತಿರಲಿಲ್ಲ. ಈ ವಾರದ ಅಂಕಣ ಆ ಬಾಕಿಯನ್ನು ತೀರಿಸುವುದಕ್ಕಾಗಿ.

ಕರುಳಿನ ಬಾಯಿ

'ಸ್ಟೋಮಾ' ಎಂಬುದು ಗ್ರೀಕ್ ಭಾಷೆಯ ಪದ. ಬಾಯಿ ಎಂದು ಅರ್ಥ. ಮಲ ಅಥವಾ ಮೂತ್ರ ತನ್ನ ಸಹಜ ದಾರಿಯಲ್ಲಿ ಹೋಗಲಾಗದಿದ್ದಾಗ, ಅಥವಾ ಕೆಲವು ಕಾಲ ಆ ದಾರಿಯಲ್ಲಿ ಹೋಗಬಾರದು ಎಂದಿದ್ದಾಗ, ಶಸ್ತ್ರಚಿಕಿತ್ಸಕರು ಹೊಟ್ಟೆಯ ಮೇಲೆ ಇಂಥ ಒಂದು ಬಾಯಿಯನ್ನು ಮಾಡುತ್ತಾರೆ. ದೊಡ್ಡ ಕರುಳನ್ನು ಹೊರತಂದರೆ ಕೊಲಾಸ್ಟಮಿ, ಸಣ್ಣ ಕರುಳಿನ ಕೊನೆಯ ಭಾಗವನ್ನು ತಂದರೆ ಇಲಿಯಾಸ್ಟಮಿ, ಮೂತ್ರಕ್ಕಾಗಿ ಮಾಡಿದರೆ ಯೂರಾಸ್ಟಮಿ. ಕ್ಯಾನ್ಸರ್ ಒಂದೇ ಇದಕ್ಕೆ ಕಾರಣವಲ್ಲ. ಟೈಫಾಯ್ಡ್ ಅಥವಾ ಕ್ಷಯದಿಂದ ಕರುಳು ತೂತಾದಾಗ, ಕರುಳು ತಿರುಚಿಕೊಂಡು ಕೊಳೆತಾಗ, ಅಪಘಾತದಲ್ಲಿ ಹೊಟ್ಟೆಗೆ ಏಟು ಬಿದ್ದಾಗ, ಗುದದ್ವಾರವಿಲ್ಲದೆ ಹುಟ್ಟಿದ ಮಗುವಿಗೆ ಕೂಡ ಸ್ಟೋಮಾ ಬೇಕಾಗುತ್ತದೆ. ಕೆಲವರಿಗೆ ಅದು ಕೆಲವು ತಿಂಗಳ ಮಾತು, ಕೆಲವರಿಗೆ ಜೀವನಪರ್ಯಂತ.

ನೋಡಲು ಅದು ತುಟಿಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿ ಇರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ಚರ್ಮದಲ್ಲಿರುವಂಥ ನೋವಿನ ನರಗಳು ಕರುಳಿನ ಒಳಪದರದಲ್ಲಿ ಇಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಕಾಣಿಸಿದರೆ ಗಾಬರಿ ಬೇಡ, ಹಲ್ಲುಜ್ಜುವಾಗ ವಸಡಿನಿಂದ ಬರುವಂತೆ ಅದು. ಆದರೆ ಈ ಬಾಯಿಗೆ ಮುಚ್ಚುವ ಸ್ನಾಯು ಇಲ್ಲ. ಯಾವಾಗ ಬಂತೋ ಆಗ ಹೊರಬರುತ್ತದೆ. ಆದ್ದರಿಂದಲೇ ಚೀಲ.

ಆ ಚೀಲಕ್ಕೂ ಒಂದು ಕಥೆ ಇದೆ. ಬಟ್ಟೆ, ಬೆಲ್ಟು, ಲೋಹದ ಬಟ್ಟಲು ಇತ್ಯಾದಿಗಳನ್ನು ಕಟ್ಟಿಕೊಂಡು ಜನ ಕಷ್ಟಪಡುತ್ತಿದ್ದ ಕಾಲದಲ್ಲಿ, 1954ರಲ್ಲಿ, ಡೆನ್ಮಾರ್ಕಿನ ಎಲಿಸೆ ಸೊರೆನ್ಸೆನ್ ಎಂಬ ನರ್ಸ್ ತನ್ನ ಸಹೋದರಿಯ ಪಾಡು ನೋಡಲಾಗದೆ, ಹೊಟ್ಟೆಗೆ ಅಂಟುವ, ಬಳಸಿ ಎಸೆಯಬಹುದಾದ ಚೀಲವನ್ನು ಯೋಚಿಸಿದರು. ಸ್ಟೋಮಾ ಆದ ಮೇಲೆ ಆ ಸಹೋದರಿ ಸೋರುವ ಭಯದಿಂದ ಮನೆಯಿಂದ ಹೊರಗೇ ಬರುತ್ತಿರಲಿಲ್ಲವಂತೆ. ಇಂದು ಸಿಗುವ ಚೀಲಗಳೆಲ್ಲ ಆ ಯೋಚನೆಯ ಮೊಮ್ಮಕ್ಕಳು. ಅಷ್ಟೆಲ್ಲ ಆದ ಮೇಲೂ ನಮ್ಮ ಕಂಡಕ್ಟರು 1954ಕ್ಕಿಂತ ಹಿಂದಿನ ಕಾಲಕ್ಕೆ ಹೋಗಿ ಪಂಚೆ ಕಟ್ಟಿಕೊಂಡು ಬಂದಿದ್ದರು ಎಂಬುದೇ ದುಃಖ.

ಮೊದಲು ಕೊಂಡೊಯ್ಯಬೇಕಾದದ್ದು ನಿಮ್ಮ ದಿನನಿತ್ಯದ ಬಟ್ಟೆ

ಇದನ್ನು ಕೇಳಿ ನಿಮಗೆ ಆಶ್ಚರ್ಯವಾಗಬಹುದು. ಆಸ್ಪತ್ರೆಯಲ್ಲಿ ಹೇಗೂ ಅವರದೇ ನಿಲುವಂಗಿ ಕೊಡುತ್ತಾರಲ್ಲ ಎನ್ನಬಹುದು. ಕಾರಣ ಹೇಳುತ್ತೇನೆ. ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಯಾದರೆ, ಹಿಂದಿನ ದಿನವೋ ಅದಕ್ಕೂ ಮೊದಲೋ ಶಸ್ತ್ರಚಿಕಿತ್ಸಕರು ಅಥವಾ ಸ್ಟೋಮಾ ನರ್ಸ್ ನಿಮ್ಮ ಹೊಟ್ಟೆಯ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕುತ್ತಾರೆ. ಸ್ಟೋಮಾ ಎಲ್ಲಿ ಬರಬೇಕು ಎಂಬುದರ ಗುರುತು ಅದು. ಮಲಗಿದಾಗ ಸಪಾಟಾಗಿ ಕಾಣುವ ಹೊಟ್ಟೆ ಕುಳಿತಾಗ ಮಡಿಕೆ ಬೀಳುತ್ತದೆ. ಆ ಮಡಿಕೆಯೊಳಗೆ ಸ್ಟೋಮಾ ಬಂದರೆ ಎಷ್ಟು ಬೆಲೆಯ ಚೀಲ ಅಂಟಿಸಿದರೂ ಸೋರುತ್ತದೆ. ಲಂಗದ ಲಾಡಿಯೋ ಪ್ಯಾಂಟಿನ ಬೆಲ್ಟೋ ಅದರ ಮೇಲೆಯೇ ಕೂತರೆ ದಿನವೂ ರಗಳೆ.

ನಮ್ಮ ಜನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುತ್ತಾರೆ, ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುತ್ತಾರೆ, ನಮಾಜಿಗೆ ಮಂಡಿಯೂರಿ ಬಾಗುತ್ತಾರೆ, ಸೊಂಟಕ್ಕೆ ಉಡಿದಾರ ಕಟ್ಟುತ್ತಾರೆ, ಸೀರೆಯನ್ನು ಒಬ್ಬೊಬ್ಬರು ಒಂದೊಂದು ಎತ್ತರಕ್ಕೆ ಉಡುತ್ತಾರೆ. ಇದೆಲ್ಲ ಗುರುತು ಹಾಕುವವರಿಗೆ ತಿಳಿಯುವುದು ನೀವು ನಿಮ್ಮ ರೂಢಿಯ ಬಟ್ಟೆಯಲ್ಲಿ ಕೂತು, ನಿಂತು, ಬಗ್ಗಿ ತೋರಿಸಿದಾಗ ಮಾತ್ರ. ಆದ್ದರಿಂದ ದಿನವೂ ಉಡುವ ಲಂಗ ಅಥವಾ ಪ್ಯಾಂಟು, ಪಂಚೆ ಒಂದು ಜೊತೆ ಚೀಲದಲ್ಲಿರಲಿ. 'ಸಾರ್, ನಾನು ಕೂತು ಮಡಕೆ ಮಾಡುವವನು', 'ನಾನು ದಿನಕ್ಕೆ ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂರುವವಳು' ಎಂದು ಬಾಯಿಬಿಟ್ಟು ಹೇಳಿ. ಮೈ ತುಸು ದಪ್ಪಗಿರುವವರಿಗೆ ಸ್ವಲ್ಪ ಮೇಲೆಯೇ ಮಾಡಿದರೆ ಸ್ಟೋಮಾ ಅವರ ಕಣ್ಣಿಗೆ ಕಾಣುತ್ತದೆ. ಕಣ್ಣಿಗೆ ಕಾಣದ್ದನ್ನು ಅವರು ತಾವೇ ನೋಡಿಕೊಳ್ಳಲಾರರು. ಗುರುತು ಹಾಕುವ ಮಾತನ್ನು ಯಾರೂ ಎತ್ತದಿದ್ದರೆ ನೀವೇ ವಿನಯವಾಗಿ ಕೇಳಿ. ಕೇಳುವುದು ತಪ್ಪಲ್ಲ.

ಆಪರೇಷನ್ ಆದ ಮೇಲೆ ತೊಡಲು ಬೇರೆ ಬಟ್ಟೆ ಬೇಕು. ಹೆಂಗಸರಿಗೆ ಮುಂಭಾಗ ಬಿಚ್ಚುವ ಸಡಿಲ ನೈಟಿ, ಗಂಡಸರಿಗೆ ಸಡಿಲ ಲುಂಗಿ ಮತ್ತು ಗುಂಡಿ ಇರುವ ಅಂಗಿ. ತಲೆಯ ಮೇಲಿಂದ ತೊಡುವ ಬಿಗಿ ಬನಿಯನ್ ಬೇಡ. ಲಾಡಿಯ ಲಂಗದ ಬದಲು ಅಗಲ ಎಲಾಸ್ಟಿಕ್ಕಿನದು ಒಂದನ್ನು ಹೊಲಿಸಿಕೊಂಡರೆ ಮನೆಗೆ ಬಂದ ಮೇಲೂ ಆಗುತ್ತದೆ. ಒಂದಕ್ಕೆ ಮೂರು ಜೊತೆ ಇರಲಿ. ಮೊದಲ ವಾರದಲ್ಲಿ ಚೀಲ ಒಮ್ಮೆಯಾದರೂ ಸೋರುವುದು ಸಾಮಾನ್ಯ. ಅದಕ್ಕೆ ರೋಗಿಯ ತಪ್ಪೂ ಅಲ್ಲ, ಸಿಸ್ಟರ್ ತಪ್ಪೂ ಅಲ್ಲ. ಬಣ್ಣ ತುಸು ಗಾಢವಾಗಿರಲಿ, ಕಲೆ ಎದ್ದು ಕಾಣದು. ಜಾರದ ಚಪ್ಪಲಿ ಬೇಕೇ ಬೇಕು, ಏಕೆಂದರೆ ಈಗ ಆಪರೇಷನ್ನಿನ ಮರುದಿನವೇ ಎಬ್ಬಿಸಿ ನಡೆಸುತ್ತಾರೆ.

ಪುಟ್ಟ ಪೆಟ್ಟಿಗೆ

ಇನ್ನು ಸ್ಟೋಮಾಗೆಂದೇ ಬೇಕಾದ ವಸ್ತುಗಳು. ಹಳೆಯ ಟಿಫಿನ್ ಡಬ್ಬಿಯೋ ಜಿಪ್ ಇರುವ ಪುಟ್ಟ ಚೀಲವೋ ಸಾಕು.

ಚೀಲಗಳನ್ನು ಮುಂಚಿತವಾಗಿ ಡಜನ್ನುಗಟ್ಟಲೆ ಕೊಳ್ಳಬೇಡಿ. ಒಂದೊಂದಕ್ಕೂ ನೂರಾರು ರೂಪಾಯಿ ಬೀಳುತ್ತದೆ. ನಿಮ್ಮ ಸ್ಟೋಮಾ ಎಷ್ಟು ಅಗಲ, ಉಬ್ಬಿದೆಯೋ ತಗ್ಗಿದೆಯೋ, ಒಂದೇ ತುಂಡಿನ ಚೀಲ ಹೊಂದುತ್ತದೋ ಅಂಟುಫಲಕ ಬೇರೆ ಚೀಲ ಬೇರೆ ಇರುವ ಎರಡು ತುಂಡಿನದೋ ಎಂಬುದು ಆಪರೇಷನ್ ಆದ ಮೇಲೆಯೇ ಗೊತ್ತಾಗುವುದು. ಮೊದಲ ಚೀಲವನ್ನು ಥಿಯೇಟರಿನಲ್ಲಿಯೇ ಹಾಕುತ್ತಾರೆ. ಅದು ಪಾರದರ್ಶಕವಾಗಿರುತ್ತದೆ, ಸ್ಟೋಮಾದ ಬಣ್ಣವನ್ನು ಡಾಕ್ಟರು ನೋಡುತ್ತಿರಬೇಕಲ್ಲ. ಆದರೆ ಮುಂದಿನ ಚೀಲಗಳನ್ನು ಆಸ್ಪತ್ರೆಯೇ ಕೊಡುತ್ತದೆಯೋ, ನೀವು ಹೊರಗಿನಿಂದ ತರಬೇಕೋ ಎಂಬುದನ್ನು ದಾಖಲಾಗುವ ದಿನವೇ ಕೇಳಿಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಮಗನನ್ನು ಅಂಗಡಿ ಅಂಗಡಿ ಓಡಿಸುವುದು ತಪ್ಪುತ್ತದೆ.

ಮನೆಯಿಂದಲೇ ಒಯ್ಯಬಹುದಾದದ್ದು ಇವು. ಚೆನ್ನಾಗಿ ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಮೆತ್ತನೆಯ ಪಂಚೆಯ ತುಂಡುಗಳು, ಅಂಗೈಯಷ್ಟು ಅಗಲದವು, ಒಂದು ಮೂವತ್ತು. ಸ್ಟೋಮಾದ ಸುತ್ತ ಒರೆಸಲು ಇದಕ್ಕಿಂತ ಒಳ್ಳೆಯದು ಇಲ್ಲ. ಹತ್ತಿ ಉಂಡೆ ಬೇಡ, ಅದರ ಎಳೆಗಳು ಅಂಟಿಕೊಳ್ಳುತ್ತವೆ. ತುದಿ ಬಾಗಿದ ಸಣ್ಣ ಕತ್ತರಿ ಒಂದು. ಚೀಲದ ಅಂಟುಫಲಕದಲ್ಲಿ ಸ್ಟೋಮಾದ ಅಳತೆಗೆ ತೂತು ಕತ್ತರಿಸಲು ಇದು ಬೇಕು, ಬೇರೆ ಯಾವ ಕೆಲಸಕ್ಕೂ ಬಳಸಬೇಡಿ. ನಿಲ್ಲಿಸಬಹುದಾದ ಒಂದು ಕೈಗನ್ನಡಿ, ಸ್ಟೋಮಾದ ಕೆಳ ಅಂಚು ಕಾಣಬೇಕಾದರೆ ಕನ್ನಡಿಯೇ ಗತಿ. ಬಟ್ಟೆ ಒಣಹಾಕುವ ಕ್ಲಿಪ್ಪು ಎರಡು. ಅಂಗಿಯನ್ನೋ ನೈಟಿಯನ್ನೋ ಮೇಲಕ್ಕೆ ಸಿಕ್ಕಿಸಿದರೆ ಎರಡೂ ಕೈ ಖಾಲಿ ಇರುತ್ತವೆ. ನೀರು ಚಿಮ್ಮಿಸುವ ಮೂತಿ ಇರುವ ಪ್ಲಾಸ್ಟಿಕ್ ಬಾಟಲಿ, ಚೀಲದ ಬಾಯಿ ತೊಳೆಯಲು. ಅಳತೆಯ ಗೆರೆಗಳಿರುವ ಒಂದು ಜಗ್ಗು. ಬಳಸಿದ ಚೀಲವನ್ನು ಸುತ್ತಲು ಹಳೆಯ ಪತ್ರಿಕೆಗಳು. ಈ ಅಂಕಣ ಓದಿದ ಮೇಲೆ ಇದೇ ಪುಟವನ್ನು ಬಳಸಿದರೂ ನನಗೆ ಬೇಸರವಿಲ್ಲ.

ಒಯ್ಯಬಾರದ್ದನ್ನೂ ಹೇಳಬೇಕು. ಸ್ಟೋಮಾದ ಸುತ್ತಲ ಚರ್ಮಕ್ಕೆ ಬರೀ ನೀರು ಸಾಕು. ಕೊಬ್ಬರಿ ಎಣ್ಣೆ, ಟಾಲ್ಕಂ ಪೌಡರ್, ಕ್ರೀಮು, ಮಗುವನ್ನು ಒರೆಸುವ ಒದ್ದೆ ಕಾಗದ, ಇವುಗಳ ಜಿಡ್ಡು ಉಳಿದರೆ ಅಂಟು ಹಿಡಿಯುವುದೇ ಇಲ್ಲ. ಡೆಟಾಲ್, ಸ್ಪಿರಿಟ್ ಅಂತೂ ಬೇಡವೇ ಬೇಡ. ಪ್ರೀತಿಯಿಂದ ಅತ್ತೆಯವರು ಅರಿಶಿನ ಹಚ್ಚಲು ಬಂದರೆ ಸಮಾಧಾನವಾಗಿ ತಡೆಯಿರಿ.

ಕಾಗದ ಪತ್ರ, ಮಾತ್ರೆ

ಹಳೆಯ ಸ್ಕ್ಯಾನ್, ಬಯಾಪ್ಸಿ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿ ಇಡಿ. ಆಧಾರ್, ರೇಷನ್ ಕಾರ್ಡು, ವಿಮೆಯ ಕಾಗದ, ಪ್ರತಿಯೊಂದರ ಎರಡೆರಡು ಜೆರಾಕ್ಸ್. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆಯುವವರು, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಹೊರಡುವ ಮೊದಲೇ ವಿಚಾರಿಸಿ. ಆಪರೇಷನ್ನಿನ ಖರ್ಚು ಭರಿಸಿದ ಮಾತ್ರಕ್ಕೆ ಮನೆಯಲ್ಲಿ ಬಳಸುವ ಚೀಲಗಳ ಖರ್ಚೂ ಸಿಗುತ್ತದೆ ಎಂದು ತಿಳಿಯಬೇಡಿ. ಅದನ್ನು ಬೇರೆಯಾಗಿಯೇ ಕೇಳಿ.

ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಅವುಗಳ ಪಟ್ಟಿಯ ಸಮೇತ ಒಯ್ಯಿರಿ. ಆಯುರ್ವೇದದ ಲೇಹ, ಹೋಮಿಯೋಪತಿ ಗುಳಿಗೆ ಏನಿದ್ದರೂ ಮುಚ್ಚಿಡಬೇಡಿ. ರಕ್ತ ತೆಳು ಮಾಡುವ ಔಷಧ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬಾರದು, ತಾವಾಗಿ ಮುಂದುವರಿಸಲೂ ಬಾರದು. ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೆಸರಿನವನ್ನು ಶಸ್ತ್ರಚಿಕಿತ್ಸೆಗೆ ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಈ ವಿಷಯ ಡಾಕ್ಟರಿಗೆ ದಾಖಲಾದ ದಿನವಲ್ಲ, ವಾರ ಮೊದಲೇ ತಿಳಿದಿರಬೇಕು.

ಮನೆಗೆ ಹೊರಡುವಾಗಲೂ ಅದೇ ಪಟ್ಟಿ ಹಿಡಿದು ಕೇಳಿ: 'ಇದರಲ್ಲಿ ಯಾವುದು ಮುಂದುವರಿಸಲಿ, ಯಾವುದು ಬಿಡಲಿ?' ಇಲಿಯಾಸ್ಟಮಿ ಆದವರಿಗೆ ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ಎಷ್ಟು ಅಪಾಯ ಎಂಬುದನ್ನು ಕಂಡಕ್ಟರ ಉದಾಹರಣೆಯಲ್ಲಿ ನೋಡಿದಿರಿ. ನಿಧಾನವಾಗಿ ಕರಗುವಂತೆ ಮಾಡಿದ ಕೆಲವು ಮಾತ್ರೆಗಳು ಅವರಲ್ಲಿ ಕರಗದೆ ಇಡಿಯಾಗಿಯೇ ಚೀಲಕ್ಕೆ ಬಂದುಬಿಡಬಹುದು. ಭೇದಿ ಮಾತ್ರೆಯನ್ನಂತೂ ಇಲಿಯಾಸ್ಟಮಿಯವರು ಮುಟ್ಟಲೇಬಾರದು.

ಉಳಿದ ಸಾಮಾನು ನಿಮಗೆ ಗೊತ್ತಿರುವುದೇ. ಕನ್ನಡಕ, ಹಲ್ಲಿನ ಸೆಟ್ಟು ಇಡಲು ಮುಚ್ಚಳದ ಡಬ್ಬಿ, ಫೋನಿನ ಚಾರ್ಜರು, ಒಂದು ನೋಟ್ ಪುಸ್ತಕ. ಒಡವೆ ಮನೆಯಲ್ಲಿಯೇ ಇರಲಿ. ತಾಳಿ ತೆಗೆಯಲು ಹಿಂಜರಿಯುವವರು ಥಿಯೇಟರಿನ ಸಿಸ್ಟರಿಗೆ ಮೊದಲೇ ಹೇಳಿದರೆ ಏನು ಮಾಡಬೇಕೆಂದು ಅವರು ಸೂಚಿಸುತ್ತಾರೆ. ಉಗುರಿನ ಬಣ್ಣ ತೆಗೆದುಹೋಗಿ, ಬೆರಳ ತುದಿಯಲ್ಲಿ ಆಮ್ಲಜನಕ ಅಳೆಯುವ ಯಂತ್ರಕ್ಕೆ ಅದು ಅಡ್ಡಿ. ಒಂದು ಪುಟ್ಟ ದಿಂಬನ್ನು ಮಾತ್ರ ಮರೆಯಬೇಡಿ. ಕೆಮ್ಮುವಾಗ, ಸೀನುವಾಗ, ಹಾಸಿಗೆಯಿಂದ ಏಳುವಾಗ ಹೊಟ್ಟೆಗೆ ಒತ್ತಿ ಹಿಡಿದರೆ ಹೊಲಿಗೆಯ ನೋವು ಅರ್ಧ ಕಡಿಮೆ ಎನಿಸುತ್ತದೆ. ಮನೆಗೆ ಬರುವಾಗ ಕಾರಿನ ಸೀಟ್ ಬೆಲ್ಟು ಮತ್ತು ಹೊಟ್ಟೆಯ ನಡುವೆ ಇಡಲೂ ಅದೇ ದಿಂಬು.

ಜೊತೆಗೆ ಯಾರು?

ಸಾಮಾನಿಗಿಂತ ಮುಖ್ಯವಾದದ್ದು ಇದು. ಆಸ್ಪತ್ರೆಯಲ್ಲಿ ಇರುವುದು ಸಾಮಾನ್ಯವಾಗಿ ಐದರಿಂದ ಹತ್ತು ದಿನ. ಆ ಅವಧಿಯಲ್ಲಿ ಚೀಲ ಖಾಲಿ ಮಾಡುವುದು ಮತ್ತು ಬದಲಿಸುವುದು ಎರಡನ್ನೂ ರೋಗಿಯೇ ಕಲಿಯಬೇಕು, ಮನೆಯ ಇನ್ನೊಬ್ಬರೂ ಕಲಿಯಬೇಕು. ನಮ್ಮಲ್ಲಿ ಏನಾಗುತ್ತದೆಂದರೆ, ಸೋಮವಾರ ಮಗ, ಮಂಗಳವಾರ ಅಳಿಯ, ಬುಧವಾರ ತಂಗಿ, ಹೀಗೆ ಸರದಿಯ ಮೇಲೆ ಬರುತ್ತಾರೆ. ಸಿಸ್ಟರ್ ಹೇಳಿಕೊಟ್ಟದ್ದು ಒಬ್ಬರಿಗೆ, ಮನೆಯಲ್ಲಿ ಮಾಡಬೇಕಾದವರು ಇನ್ನೊಬ್ಬರು. ಕಲಿಸುವ ಹೊತ್ತಿಗೆ ರೋಗಿ ಮುಖ ಆ ಕಡೆ ತಿರುಗಿಸಿ ಮಲಗಿರುತ್ತಾರೆ. ಆ ಸಂಕೋಚ, ಆ ದುಃಖ ಸಹಜವೇ. ಮೊದಲ ದಿನ ನೋಡಲಾಗದಿದ್ದರೆ ಬಲವಂತ ಮಾಡಬೇಡಿ. ಎರಡನೆಯ ಬಾರಿ ನೋಡಲಿ, ಮೂರನೆಯ ಬಾರಿ ಕೈ ಹಾಕಲಿ. ಮನೆಗೆ ಹೋಗುವ ಮೊದಲು ಒಮ್ಮೆಯಾದರೂ ಸಿಸ್ಟರ್ ಪಕ್ಕದಲ್ಲಿ ನಿಂತು, ರೋಗಿ ತಾನೇ ಪೂರ್ತಿ ಬದಲಿಸಬೇಕು. ಅಷ್ಟಾಗುವವರೆಗೆ ಡಿಸ್ಚಾರ್ಜಿಗೆ ಅವಸರ ಮಾಡಬೇಡಿ.

ಇದನ್ನು ಕಲಿಸುವುದೇ ಒಂದು ವೃತ್ತಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ 1958ರಲ್ಲಿ ಡಾ. ರೂಪರ್ಟ್ ಟರ್ನ್‌ಬುಲ್ ಎಂಬ ಶಸ್ತ್ರಚಿಕಿತ್ಸಕರು ಈ ಕೆಲಸಕ್ಕೆ ಮೊಟ್ಟಮೊದಲು ನೇಮಿಸಿಕೊಂಡದ್ದು ನಾರ್ಮಾ ಗಿಲ್ ಎಂಬಾಕೆಯನ್ನು. ಆಕೆ ಅವರ ರೋಗಿಯಾಗಿದ್ದವರು, ಸ್ವತಃ ಇಲಿಯಾಸ್ಟಮಿ ಇದ್ದವರು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಇಂಥ ತರಬೇತಿಗೆ ಹೆಸರಾಗಿದೆ. ನಿಮ್ಮ ಆಸ್ಪತ್ರೆಯಲ್ಲಿ ಸ್ಟೋಮಾ ನರ್ಸ್ ಇದ್ದಾರೆಯೇ ಎಂದು ಕೇಳಿ. ಇಲ್ಲದಿದ್ದರೆ ವಾರ್ಡಿನಲ್ಲಿ ಇದನ್ನು ಚೆನ್ನಾಗಿ ಬಲ್ಲ ಒಬ್ಬ ಹಿರಿಯ ಸಿಸ್ಟರ್ ಇದ್ದೇ ಇರುತ್ತಾರೆ.

ಕಲಿಯುವಾಗ ನೆನಪಿಡಬೇಕಾದ ಕೆಲವು ಅಂಶಗಳು. ಚೀಲ ಮೂರರಲ್ಲೊಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು, ಭಾರವಾದರೆ ಅಂಟು ಬಿಟ್ಟುಕೊಳ್ಳುತ್ತದೆ. ಬದಲಿಸಲು ಒಳ್ಳೆಯ ಹೊತ್ತು ಬೆಳಿಗ್ಗೆ, ಕಾಫಿಗೂ ಮೊದಲು. ಆಗ ಕರುಳು ಶಾಂತವಾಗಿರುತ್ತದೆ. ಕೀಳುವಾಗ ಪ್ಲಾಸ್ಟರಿನಂತೆ ಎಳೆಯದೆ, ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು ಮೇಲಿನಿಂದ ಮೆಲ್ಲಗೆ ಬಿಡಿಸಬೇಕು. ತೂತಿನ ಅಳತೆ ಸ್ಟೋಮಾಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಇದು ಬಹಳ ಮುಖ್ಯ. ಸಣ್ಣ ಕರುಳಿನ ದ್ರವದಲ್ಲಿ ಆಹಾರ ಕರಗಿಸುವ ರಸಗಳಿರುತ್ತವೆ. ತೂತು ದೊಡ್ಡದಾಗಿ ಚರ್ಮ ಬಯಲಾದರೆ ಆ ರಸ ಚರ್ಮವನ್ನೇ ಜೀರ್ಣಿಸತೊಡಗುತ್ತದೆ. ಅಂಟಿಸುವ ಮೊದಲು ಫಲಕವನ್ನು ಅಂಗೈಗಳ ನಡುವೆ ಒಂದೆರಡು ನಿಮಿಷ ಬೆಚ್ಚಗೆ ಹಿಡಿಯಿರಿ, ಅಂಟಿಸಿದ ಮೇಲೆಯೂ ಕೈಯಿಂದ ಒತ್ತಿಕೊಂಡಿರಿ. ಗಾಳಿ ತುಂಬಿ ಉಬ್ಬಿತೆಂದು ಚೀಲಕ್ಕೆ ಪಿನ್ನಿನಿಂದ ಚುಚ್ಚುವವರನ್ನು ನೋಡಿದ್ದೇನೆ. ಆಮೇಲೆ ವಾಸನೆ ಎಂದು ದೂರುತ್ತಾರೆ!

ನೋಟ್ ಪುಸ್ತಕದಲ್ಲಿ ದಿನವೂ ಎಷ್ಟು ಸಲ, ಎಷ್ಟು ಮಿಲಿಲೀಟರ್ ಖಾಲಿ ಮಾಡಿದಿರಿ ಎಂದು ಬರೆಯಿರಿ. ಬಳಸಿದ ಚೀಲದ ಡಬ್ಬಿಯ ಮೇಲಿನ ಹೆಸರು, ಸಂಖ್ಯೆ, ಅಳತೆ ಕಾಣುವಂತೆ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಅದೊಂದು ಫೋಟೊ ಇದ್ದಿದ್ದರೆ ನಮ್ಮ ಕಂಡಕ್ಟರ ಮಗ ಆ ಭಾನುವಾರ ಜಿಲ್ಲಾ ಕೇಂದ್ರದ ಅಂಗಡಿಗೆ ಫೋನು ಮಾಡಿ ತರಿಸಬಹುದಿತ್ತು.

ತುರ್ತಾಗಿ ಆದರೆ?

ಎಷ್ಟೋ ಸ್ಟೋಮಾಗಳು ಹೀಗೆ ಪಟ್ಟಿ ಹಾಕಿಕೊಂಡು ಬರುವುದಿಲ್ಲ. ನಡುರಾತ್ರಿ ಹೊಟ್ಟೆನೋವೆಂದು ಹೋದವರು ಬೆಳಿಗ್ಗೆ ಕಣ್ಣು ತೆರೆದಾಗ ಹೊಟ್ಟೆಯ ಮೇಲೆ ಚೀಲ ಕಾಣುತ್ತಾರೆ. ಅಂಥವರ ಮನೆಯವರು ಮೊದಲ ಎರಡು ದಿನ ಏನನ್ನೂ ಹೊತ್ತು ತರಬೇಕಾಗಿಲ್ಲ. ಮಾತ್ರೆಗಳ ಪಟ್ಟಿ, ಕನ್ನಡಕ, ದಿಂಬು ಸಾಕು. ಮೂರನೆಯ ದಿನದಿಂದ ಮೇಲೆ ಹೇಳಿದ ಪುಟ್ಟ ಪೆಟ್ಟಿಗೆ. ರೋಗಿಗೆ ಎಚ್ಚರವಾದಾಗ ವಿಷಯವನ್ನು ಮುಚ್ಚಿಡಬೇಡಿ. 'ಅದೇನೂ ಇಲ್ಲ, ಸುಮ್ಮನೆ ಒಂದು ಪೈಪು' ಎಂದು ಹೇಳಿದ ಮನೆಯವರನ್ನು ರೋಗಿ ಆಮೇಲೆ ಬಹಳ ದಿನ ನಂಬುವುದಿಲ್ಲ.

ನೋಡಲು ಬರುವವರಿಗೂ ಒಂದು ಮಾತು. ಸೇಬು, ದ್ರಾಕ್ಷಿ, ಕಿತ್ತಳೆಯ ಕವರು ಬೇಡ. ಮೊದಲ ಆರು ವಾರ ಕರುಳು ಊದಿಕೊಂಡಿರುತ್ತದೆ. ಕೊಬ್ಬರಿ ತುಂಡು, ಮೆಕ್ಕೆಜೋಳ, ಅಣಬೆ, ನುಗ್ಗೆಕಾಯಿಯ ನಾರು, ಕಿತ್ತಳೆಯ ತೊಳೆಯ ಸಿಪ್ಪೆ, ಒಣಹಣ್ಣು, ಇವು ಸ್ಟೋಮಾದ ಬಳಿ ಸಿಕ್ಕಿಕೊಂಡು ಕಟ್ಟಿಕೊಳ್ಳಬಹುದು. ಮೆತ್ತಗಿನ ಅನ್ನ, ತಿಳಿಸಾರು, ಇಡ್ಲಿ, ಮಜ್ಜಿಗೆ, ಗಂಜಿ, ಬಾಳೆಹಣ್ಣು ಒಳ್ಳೆಯದು. ಎಷ್ಟೇ ಮೆತ್ತಗಿದ್ದರೂ ಅಗಿದು ತಿನ್ನಬೇಕು.

ಮನೆಗೆ ಹೊರಡುವ ದಿನ

ಶನಿವಾರ ಸಂಜೆ, ಹಬ್ಬದ ಹಿಂದಿನ ದಿನ ಡಿಸ್ಚಾರ್ಜ್ ಆಗುವುದಾದರೆ ವಿಶೇಷ ಎಚ್ಚರಿಕೆ ಬೇಕು. ವಾರ್ಡಿನಿಂದ ಹೊರಡುವ ಮೊದಲು ಚೀಲಗಳನ್ನು ಎಣಿಸಿ. ರೂಢಿಯಾದ ಮೇಲೆ ಒಂದು ಚೀಲ ಮೂರು ನಾಲ್ಕು ದಿನ ಬರಬಹುದು, ಆದರೆ ಮೊದಮೊದಲು ದಿನ ಬಿಟ್ಟು ದಿನ ಬದಲಿಸಬೇಕಾಗಿ ಬಂದರೂ ಅಚ್ಚರಿಯಿಲ್ಲ. ಎರಡು ವಾರಕ್ಕೆ ಸಾಲುವಷ್ಟು ಕೈಯಲ್ಲಿರಲಿ. ಅದಕ್ಕಿಂತ ಹೆಚ್ಚು ಬೇಡ. ಸ್ಟೋಮಾ ಆರರಿಂದ ಎಂಟು ವಾರಗಳವರೆಗೆ ಕುಗ್ಗುತ್ತಾ ಹೋಗುತ್ತದೆ, ಇಂದಿನ ಅಳತೆ ಮುಂದಿನ ತಿಂಗಳಿಗೆ ಸರಿಹೋಗದು. ವಾರಕ್ಕೊಮ್ಮೆ ಅಳೆದು ತೂತು ಕತ್ತರಿಸಿ. ಚೀಲಗಳನ್ನು ಒಲೆಯ ಹತ್ತಿರ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ, ಅಂಟು ಕೆಡುತ್ತದೆ.

ಪ್ರಯಾಣಕ್ಕೆ ಒಂದು ಚೀಲ ಕತ್ತರಿಸಿ ಸಿದ್ಧವಾಗಿರಲಿ, ಬಟ್ಟೆ ತುಂಡು, ನೀರಿನ ಬಾಟಲಿ, ಕಾಗದ, ಒಂದು ಜೊತೆ ಉಡುಪು ಸಮೇತ. ಇದು ಡಿಕ್ಕಿಯಲ್ಲಿ ಅಲ್ಲ, ಮಡಿಲಲ್ಲಿ ಇರಬೇಕು. ಹೊರಡುವ ಹತ್ತು ನಿಮಿಷ ಮೊದಲು ಖಾಲಿ ಮಾಡಿಕೊಳ್ಳಿ.

ಇಲಿಯಾಸ್ಟಮಿಯವರು ಓ.ಆರ್.ಎಸ್. ಪುಡಿಯ ಪೊಟ್ಟಣಗಳನ್ನು ಆಸ್ಪತ್ರೆಯ ಅಂಗಡಿಯಿಂದಲೇ ಕೊಂಡುಬನ್ನಿ. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಪೊಟ್ಟಣ ಮುಗಿದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ದೊಡ್ಡ ಕರುಳು ಮಾಡುತ್ತಿದ್ದ ನೀರು ಹೀರುವ ಕೆಲಸ ಇವರಲ್ಲಿ ನಡೆಯುವುದಿಲ್ಲ. ನೀರಿನೊಂದಿಗೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಚೊಂಬುಗಟ್ಟಲೆ ಕುಡಿದರೆ ಉಪ್ಪು ಇನ್ನಷ್ಟು ಕೊಚ್ಚಿಹೋಗುತ್ತದೆ. ಕುಡಿಯದೇ ಇದ್ದರೆ ಏನಾಗುತ್ತದೆ ಎಂಬುದನ್ನು ಮೇಲೆ ಕಂಡಿರಿ. ಉಪ್ಪು ಹಾಕಿದ ಮಜ್ಜಿಗೆ, ಉಪ್ಪು ಹಾಕಿದ ಗಂಜಿ ನಮ್ಮ ಮನೆಗಳ ಒಳ್ಳೆಯ ಔಷಧ. ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ಮಾತ್ರ ಎಷ್ಟು ಎಂಬುದನ್ನು ತಮ್ಮ ಡಾಕ್ಟರಿಂದ ಕೇಳಿ ತಿಳಿಯಬೇಕು.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು: ಸ್ಟೋಮಾ ಕಪ್ಪಾದರೆ ಅಥವಾ ನೇರಳೆಗೆ ತಿರುಗಿದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಇಲಿಯಾಸ್ಟಮಿಯಲ್ಲಿ ಐದಾರು ಗಂಟೆ ಏನೂ ಬಾರದೆ ಹೊಟ್ಟೆ ಹಿಂಡಿ ವಾಂತಿಯಾದರೆ, ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹೋಗುತ್ತಿದ್ದರೆ, ಎದ್ದು ನಿಂತಾಗ ತಲೆ ಸುತ್ತಿ ಮೂತ್ರ ಕಡಿಮೆಯಾದರೆ. ಆ ಸಂಖ್ಯೆ ಹೇಳಲೆಂದೇ ಜಗ್ಗು, ನೋಟ್ ಪುಸ್ತಕ.

ಸ್ಟೋಮಾ ಅಂಟುರೋಗವಲ್ಲ. ಸ್ನಾನ ಮಾಡಬಹುದು, ಚೀಲ ಇದ್ದರೂ ತೆಗೆದರೂ ನೀರು ಒಳಗೆ ಹೋಗುವುದಿಲ್ಲ. ಪೂಜೆಗೆ ಕೂರಬಹುದು, ಮದುವೆ ಮನೆಗೆ ಹೋಗಬಹುದು. ಒಂದು ಮನೆಯಲ್ಲಿ ಅಜ್ಜಿಯೊಬ್ಬರಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದನ್ನು ಕಂಡು ನಾನು ಆ ಮನೆಯವರ ಮೇಲೆ ರೇಗಿದ್ದೂ ಉಂಟು.

ನಮ್ಮ ಕಂಡಕ್ಟರು ನಾಲ್ಕು ದಿನ ಡ್ರಿಪ್ ಹಾಕಿಸಿಕೊಂಡು ಚೇತರಿಸಿಕೊಂಡರು. ಚರ್ಮ ಮಾಯಲು ಎರಡು ವಾರ ಹಿಡಿಯಿತು. ಆ ಮಾತ್ರೆಯನ್ನು ಬದಲಿಸಿದೆ. 'ಮೂವತ್ತೊಂದು ವರ್ಷ ಹೆಗಲಿಗೆ ಚೀಲ ಹಾಕಿದವನು ಸಾರ್, ಒಂದು ದಿನ ಲೆಕ್ಕ ತಪ್ಪಿಲ್ಲ. ಇದರ ಲೆಕ್ಕವನ್ನೂ ಬಿಡಲ್ಲ' ಎಂದು ನೋಟ್ ಪುಸ್ತಕ ತೋರಿಸುತ್ತಿದ್ದರು. ಟ್ರಿಪ್ ಶೀಟಿನಂತೆಯೇ ಗೆರೆ ಹೊಡೆದು, ಗಂಟೆ ಹಾಕಿ, ಮಿಲಿಲೀಟರ್ ಬರೆದಿದ್ದರು. ಐದು ತಿಂಗಳಾದ ಮೇಲೆ ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಸ್ಟೋಮಾವನ್ನು ಒಳಕ್ಕೆ ಸೇರಿಸಿ ಮುಚ್ಚಿದರು. ಮನೆಯಲ್ಲಿ ಒಡೆಯದೆ ಉಳಿದಿದ್ದ ಏಳು ಚೀಲ, ಬಾಗಿದ ಕತ್ತರಿ, ಕೈಗನ್ನಡಿಯನ್ನು ಒಂದು ಡಬ್ಬಿಗೆ ಹಾಕಿ ನನ್ನ ಮೇಜಿನ ಮೇಲೆ ತಂದಿಟ್ಟರು. ಅವಧಿ ಮುಗಿಯುವ ದಿನಾಂಕವನ್ನು ಡಬ್ಬಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು. ಅದರಲ್ಲಿ ಮೂರು ಚೀಲ ಒಂದು ಭಾನುವಾರ ರಾತ್ರಿ ಬೇರೊಬ್ಬರಿಗೆ ಉಪಯೋಗವಾದವು. ನಾಲ್ಕು ಇನ್ನೂ ಕಪಾಟಿನಲ್ಲಿವೆ.